ಹಜಾರದಲ್ಲಿ ಎಲ್ಲರೂ ಸೇರುವ ಮೊದಲು

ಲಕ್ಷ್ಮೀಪುರಂ, ಮೈಸೂರು
೧೨-೬-೧೯೯೮

ಶ್ರೀ ನಾಗೇಂದ್ರ ಅವರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ‘ದೀವಟಿಗೆ’ ವಾರಪತ್ರಿಕೆಯ ಓದುಗರ ಪುಟದಲ್ಲಿ ನಿಮ್ಮ ಕೋರಿಕೆ ನೋಡಿದೆ. ‘ಅಮಲ್ದಾರರ ಬಂಗಲೆ’ ಧಾರಾವಾಹಿಯ ಎಲ್ಲ ಕಂತುಗಳೂ ಯಾರ ಬಳಿಯಾದರೂ ಇವೆಯೇ ಎಂದು ಕೇಳಿದ್ದೀರಿ. ನನ್ನ ಬಳಿ ಇವೆ. ವಾರವಾರವೂ ಕತ್ತರಿಸಿ ಇಟ್ಟು, ಮಂಡಿ ಮೊಹಲ್ಲಾದ ಬೈಂಡರ್ ಸಣ್ಣಯ್ಯನ ಕೈಲಿ ಕ್ಯಾಲಿಕೊ ರಟ್ಟು ಹಾಕಿಸಿದ್ದೇನೆ.

ಆದರೆ ಕೊಡಲಾರೆ. ಕ್ಷಮಿಸಿ. ನಮ್ಮ ಯಜಮಾನರು ಚನ್ನಬಸವಯ್ಯನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಈಗ ಸ್ವಲ್ಪ ಆರಾಮಿಲ್ಲ, ಮನೆಯಲ್ಲೇ ಇರುತ್ತಾರೆ. ಮಧ್ಯಾಹ್ನ ಅವರಿಗೆ ಇದನ್ನೇ ಓದಿ ಹೇಳಬೇಕು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಮುಗಿದ ಕೂಡಲೇ ಎನ್ನುವ ಮಾತೂ ಸರಿಯಲ್ಲ, ಅದು ಮುಗಿದೇ ಇಲ್ಲವಲ್ಲ. ಇನ್‌ಸ್ಪೆಕ್ಟರು ‘ನಾಳೆ ಬೆಳಿಗ್ಗೆ ಎಲ್ಲರೂ ಹಜಾರದಲ್ಲಿ ಸೇರಿ, ಅಮಲ್ದಾರರನ್ನು ಕೊಂದವರು ಯಾರೆಂದು ಹೇಳುತ್ತೇನೆ’ ಅಂದರು, ಆ ವಾರವೇ ಬರೆಯುತ್ತಿದ್ದ ಮಹದೇವಯ್ಯನವರು ತೀರಿಕೊಂಡರು. ಹದಿನಾಲ್ಕು ವರ್ಷದಿಂದ ಅವರೆಲ್ಲ ಹಜಾರಕ್ಕೆ ಬರಲು ಕಾಯುತ್ತಿದ್ದಾರೆ. ಯಾರಾದರೂ ಮುಗಿಸಿದರೆ ಅಂಟಿಸೋಣ ಎಂದು ಸಣ್ಣಯ್ಯನಿಗೆ ಹೇಳಿ ಕೊನೆಯಲ್ಲಿ ಖಾಲಿ ಹಾಳೆ ಸೇರಿಸಿಟ್ಟಿದ್ದೇನೆ.

ನಿಮಗೆ ಯಾವ ಕಂತು ಇಲ್ಲ ಎಂದು ತಿಳಿಸಿದರೆ ಸಾರಾಂಶ ಬರೆದು ಕಳಿಸಬಲ್ಲೆ. ನನ್ನ ಅನುಮಾನ ಡಾಕ್ಟರ ಮೇಲೆ. ಯಜಮಾನರದು ಅಮಲ್ದಾರರ ತಮ್ಮನ ಮೇಲೆ.

ಇತಿ,
ಪಾರ್ವತಮ್ಮ

•

ಔರಾದ್, ಬೀದರ್ ಜಿಲ್ಲೆ
೧-೭-೧೯೯೮

ಮಾನ್ಯ ಪಾರ್ವತಮ್ಮನವರಿಗೆ,

ನಿಮ್ಮ ಕಾಗದ ನೋಡಿ ಆದ ಸಂತೋಷ ಹೇಳತೀರದು. ನಾನೂ ಮೈಸೂರಿನವನೇ. ತಂಗಿ ಸಂಘಮಿತ್ರ ಶ್ರೀರಾಂಪುರದಲ್ಲಿದ್ದಾಳೆ, ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ನಾನು ಇಲ್ಲಿ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಮಾಸ್ತರು. ವರ್ಗಾವಣೆ ಕೇಳಿ ಕೇಳಿ ಸುಸ್ತಾಗಿ ಈಗ ಪತ್ತೇದಾರಿ ಕಾದಂಬರಿಗಳ ಆಸರೆಯಲ್ಲಿದ್ದೇನೆ.

ಡಾಕ್ಟರು ಎಂದಿರಿ. ಸಾಧ್ಯವೇ ಇಲ್ಲ, ಅಮ್ಮ. ಅನುಮಾನ ಬರಲೆಂದೇ ಇಟ್ಟ ಮನುಷ್ಯ ಆತ. ಪತ್ತೇದಾರಿ ಕಥೆಯಲ್ಲಿ ಕೊಲೆಗೆ ಒಂದು ಗಟ್ಟಿ ಕಾರಣವಿರಬೇಕು: ಆಸ್ತಿ, ಅಸೂಯೆ, ಇಲ್ಲವೇ ಭಯ. ಮೂರರಲ್ಲಿ ಒಂದೂ ಇಲ್ಲದವನನ್ನು ಕೈಬಿಡಿ. ಆಗ ಉಳಿಯುವವನು ಗುಮಾಸ್ತ ನಿಂಗಯ್ಯ ಒಬ್ಬನೇ. ಹನ್ನೊಂದನೇ ಕಂತಿನಲ್ಲಿ ಅವನು ಒದ್ದೆ ಕೊಡೆಯನ್ನು ಒಳಗೆ ತಂದು ಇಟ್ಟದ್ದನ್ನು ಯಾರೂ ಗಮನಿಸಿಲ್ಲ. ನಾನು ಗಮನಿಸಿದ್ದೇನೆ.

ನನ್ನ ಬಳಿ ಇಲ್ಲದ್ದು ಇಪ್ಪತ್ತೆರಡು ಮತ್ತು ಇಪ್ಪತ್ತಮೂರು. ಸಾರಾಂಶ ಬರೆಯುವಾಗ ಸಣ್ಣ ಸಣ್ಣ ವಸ್ತುಗಳನ್ನೂ ಬಿಡಬೇಡಿ. ಸುಳಿವು ಇರುವುದೇ ಅಲ್ಲಿ. ನನಗೆ ಯಾವ ಕಾಗದ ಬಂದರೂ ಎರಡು ಸಲ ಓದುವ ಅಭ್ಯಾಸ. ಮೊದಲ ಸಲ ಬರೆದದ್ದಕ್ಕೆ, ಎರಡನೇ ಸಲ ಬಿಟ್ಟದ್ದಕ್ಕೆ.

ತಮ್ಮ ವಿಶ್ವಾಸಿ,
ನಾಗೇಂದ್ರ

•

ಲಕ್ಷ್ಮೀಪುರಂ
೨೦-೧೧-೧೯೯೮

ನಾಗೇಂದ್ರ ಅವರಿಗೆ,

ತಡವಾಯಿತು. ಆಯುಧಪೂಜೆಗೆ ಮೊದಲೇ ಬರೆಯಬೇಕೆಂದಿದ್ದೆ. ಮೈಸೂರಿನಲ್ಲಿದ್ದೂ ಈ ಸಲ ದಸರಾ ದೀಪ ನೋಡಲಿಲ್ಲ. ನೆಂಟರು ಬಂದು ನೋಡಿಕೊಂಡು ಹೋದರು, ಅವರಿಗೆ ಉಪ್ಪಿಟ್ಟು ಮಾಡಿದೆ.

ಇಪ್ಪತ್ತೆರಡನೇ ಕಂತಿನಲ್ಲಿ ಇನ್‌ಸ್ಪೆಕ್ಟರು ಅಮಲ್ದಾರರ ಹೆಂಡತಿಯನ್ನು ವಿಚಾರಿಸುತ್ತಾರೆ. ಆಕೆ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಡುತ್ತಾಳೆ. ಮಾತಾಡುತ್ತಲೇ ಸೆರಗಿನಿಂದ ಮೇಜು ಒರೆಸುತ್ತಾಳೆ. ಆ ಮೇಜು ಆಗಲೇ ಚೊಕ್ಕಟವಾಗಿರುತ್ತದೆ. ಇದು ಸುಳಿವೋ ಅಲ್ಲವೋ ನೀವೇ ಹೇಳಿ. ಎರಡು ವರ್ಷ ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಂಡವಳು, ಕೈ ಸುಮ್ಮನಿರಲು ಮರೆತಿರಬಹುದು ಎಂದು ನನಗೆ ಅನ್ನಿಸಿತು. ಇಪ್ಪತ್ತಮೂರರಲ್ಲಿ...

ಗಂಟೆ ಬಾರಿಸುತ್ತಿದ್ದಾರೆ. ಯಜಮಾನರು ಪೂಜೆಯ ಹಿತ್ತಾಳೆ ಗಂಟೆಯನ್ನು ಹಾಸಿಗೆ ಪಕ್ಕ ಇಟ್ಟುಕೊಂಡಿದ್ದಾರೆ, ಎಡಗೈಯಲ್ಲಿ ಬಾರಿಸಿ ಕರೆಯುತ್ತಾರೆ. ಉಳಿದದ್ದು ಇನ್ನೊಮ್ಮೆ.

ಪಾರ್ವತಮ್ಮ

•

ಔರಾದ್
೮-೩-೧೯೯೯

ಮಾನ್ಯ ಪಾರ್ವತಮ್ಮನವರಿಗೆ,

ಇಪ್ಪತ್ತಮೂರು ಇನ್ನೂ ಬರಲಿಲ್ಲ. ಇರಲಿ, ದೊಡ್ಡ ಸುದ್ದಿ ಬಂದಿದೆ. ‘ದೀವಟಿಗೆ’ಯವರು ಯುಗಾದಿಯಿಂದ ‘ಅಮಲ್ದಾರರ ಬಂಗಲೆ’ಯನ್ನು ಮುಗಿಸುತ್ತಾರಂತೆ. ಬರೆಯುವವರು ರುದ್ರಸ್ವಾಮಿ ಎಂಬ ಹೊಸಬರು. ಮಹದೇವಯ್ಯನವರ ಕೈಗೆ ಇವರ ಕೈ ಹೊಂದುತ್ತದೆಯೇ ಎಂಬ ಅನುಮಾನ ನನಗಿದೆ. ಅರ್ಧಕ್ಕೆ ನಿಂತ ಕಾದಂಬರಿಯನ್ನು ಇನ್ನೊಬ್ಬರು ಮುಗಿಸುವುದು ಬೇರೆಯವರ ಚಪ್ಪಲಿ ಮೆಟ್ಟಿ ನಡೆದ ಹಾಗೆ. ಆದರೂ ಕಾಯುತ್ತೇನೆ.

ಯಜಮಾನರಿಗೆ ಗುಣವಾಯಿತೇ? ಸ್ವಲ್ಪ ಆರಾಮಿಲ್ಲ ಎಂದಿದ್ದಿರಿ.

ನಾಗೇಂದ್ರ

•

ಔರಾದ್
೧೯-೭-೧೯೯೯

ಮಾನ್ಯ ಪಾರ್ವತಮ್ಮನವರಿಗೆ,

ಕೊನೆಯ ಕಂತು ಓದಿದಿರಾ? ನನಗೆ ಮೈಯೆಲ್ಲ ಉರಿಯುತ್ತಿದೆ. ಹದಿನೈದು ವರ್ಷ ಕಾದದ್ದು ಇದಕ್ಕಾಗಿಯೇ? ಎಲ್ಲರೂ ಹಜಾರದಲ್ಲಿ ಸೇರುತ್ತಾರೆ, ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ ಆ ಹೆಂಡತಿ ಎದ್ದು ನಿಂತು, ಹಾಲಿಗೆ ನಿದ್ದೆಯ ಔಷಧಿ ಸುರಿದವಳು ನಾನೇ ಎನ್ನುತ್ತಾಳೆ. ಯಾಕಮ್ಮಾ ಎಂದರೆ ‘ದಣಿದಿದ್ದೆ’ ಎನ್ನುತ್ತಾಳೆ. ಮುಗಿಯಿತು.

ದಣಿವು ಒಂದು ಕಾರಣವೇ? ಆಸ್ತಿ ಬೇಡ, ಅಸೂಯೆಯಿಲ್ಲ, ಗಂಡ ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಗುಮಾಸ್ತನ ಒದ್ದೆ ಕೊಡೆ ಏನಾಯಿತು? ಅದರ ಸುದ್ದಿಯೇ ಇಲ್ಲ. ದಣಿದವರು ಮಲಗುತ್ತಾರೆ, ಕೊಲೆ ಮಾಡುವುದಿಲ್ಲ. ಇಷ್ಟು ಸಾಮಾನ್ಯ ಜ್ಞಾನ ರುದ್ರಸ್ವಾಮಿಯವರಿಗೆ ಬೇಡವೇ? ಸಂಪಾದಕರಿಗೆ ನಾಲ್ಕು ಪುಟ ಬರೆದು ಹಾಕಿದ್ದೇನೆ. ನೀವೂ ಬರೆಯಿರಿ. ಇಬ್ಬರು ಬರೆದರೆ ಬೆಲೆ.

ನಾಗೇಂದ್ರ

•

ಲಕ್ಷ್ಮೀಪುರಂ
೧೧-೮-೧೯೯೯

ನಾಗೇಂದ್ರ ಅವರಿಗೆ,

ಓದಿದೆ. ಯಜಮಾನರಿಗೂ ಓದಿ ಹೇಳಿದೆ. ಸಂಪಾದಕರಿಗೆ ಬರೆಯುವುದಿಲ್ಲ. ರುದ್ರಸ್ವಾಮಿಯವರು ಸರಿಯಾಗಿಯೇ ಬರೆದಿದ್ದಾರೆ.

ದಣಿದವರು ಮಲಗುತ್ತಾರೆ ಎಂದಿರಿ. ಎಲ್ಲಿ ಮಲಗುತ್ತಾರೆ? ಎಷ್ಟು ಹೊತ್ತು? ಯಜಮಾನರಿಗೆ ಲಕ್ವ ಹೊಡೆದು ಮೂರು ವರ್ಷವಾಯಿತು, ಬಲಭಾಗ ಪೂರ್ತಿ ಹೋಗಿದೆ. ಇದನ್ನು ನಿಮಗೆ ಬರೆದಿರಲಿಲ್ಲ. ಕಾದಂಬರಿಯ ಮಾತಾಡುವ ಕಾಗದದಲ್ಲಿ ಮಲಮೂತ್ರದ ಮಾತು ಯಾಕೆ ಎಂದು. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಮೈ ಒರೆಸಿ, ವಿಭೂತಿ ಹಚ್ಚಿ, ಎಡಗೈ ಮೇಲೆ ಲಿಂಗ ಇಟ್ಟು ಪೂಜೆ ಮಾಡಿಸಬೇಕು. ಗಂಜಿ ಕುಡಿಸಬೇಕು. ಮಗ್ಗುಲು ಬದಲಿಸಬೇಕು. ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಳ್ಳೋಣವೆಂದರೆ, ಕಂಡವರ ಕೈಯಡುಗೆ ಬೇಡ, ಕಂಡವರು ಅಡುಗೆ ಕೋಣೆಗೆ ಕಾಲಿಡಬಾರದು ಎನ್ನುತ್ತಾರೆ. ಹೋದ ವರ್ಷ ಒಬ್ಬಾಕೆ ಬಂದಿದ್ದಳು. ಯಾವ ಊರು, ಯಾವ ಪೈಕಿ, ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ ಎಂದು ಸಾಕ್ಷಿ ವಿಚಾರಣೆ ಮಾಡಿದ ಹಾಗೆ ಮಾಡಿದರು. ಮಧ್ಯಾಹ್ನಕ್ಕೇ ಹೊರಟುಹೋದಳು. ಅವಳ ಹಿಂದೆ ನಾನೂ ಹೋಗಿಬಿಡಲೇ ಎನ್ನಿಸಿತ್ತು.

ಈಗ ಹೊಸದೊಂದು ಶುರುವಾಗಿದೆ. ಕೊನೆಯ ಕಂತು ಕೇಳಿದ ಮರುದಿನದಿಂದ ಯಜಮಾನರು ನನ್ನ ಕೈಯ ಗಂಜಿಯನ್ನು ನೇರವಾಗಿ ಕುಡಿಯುವುದಿಲ್ಲ. ‘ನೀ ಮೊದ್ಲು ಕುಡಿ’ ಎನ್ನುತ್ತಾರೆ. ನಾನು ಒಂದು ಗುಟುಕು ಕುಡಿದು, ಸತ್ತಿಲ್ಲವೆಂದು ಖಾತ್ರಿಯಾಗುವವರೆಗೆ ಅವರ ಎದುರು ನಿಲ್ಲಬೇಕು. ಅಷ್ಟರಲ್ಲಿ ಗಂಜಿ ತಣ್ಣಗಾಗುತ್ತದೆ. ತಣ್ಣಗಾಯಿತು, ಬಿಸಿ ಮಾಡು ಎನ್ನುತ್ತಾರೆ. ಬಿಸಿ ಮಾಡಿ ತಂದರೆ ಮತ್ತೆ ನಾನು ಮೊದಲು ಕುಡಿಯಬೇಕು. ಮೊದಮೊದಲು ನಗು ಬಂತು. ಮೂವತ್ತೇಳು ವರ್ಷ ಕೈ ತೊಳೆದು ಬಡಿಸಿದವಳು ನಾನು. ಈಗ ನಗು ಬರುವುದಿಲ್ಲ.

ನಿಮ್ಮನ್ನು ಒಂದು ಕೇಳಬೇಕು. ಔಷಧಿ ಹಾಕಿದರೆ ಹಾಲು ಕಹಿಯಾಗುತ್ತದೆಂದು ಇನ್‌ಸ್ಪೆಕ್ಟರು ಹೇಳುತ್ತಾರಲ್ಲ, ಆ ಮಾತು ನಿಜವೇ? ಹಾಲಾದ್ದರಿಂದ ಅವರಿಗೆ ಅನುಮಾನ ಬಂತು. ಜೀರಿಗೆ ಕಷಾಯವಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ನನ್ನ ಎಣಿಕೆ. ಮಹದೇವಯ್ಯನವರಾಗಿದ್ದರೆ ಕಷಾಯವನ್ನೇ ಬರೆಯುತ್ತಿದ್ದರು.

ಪಾರ್ವತಮ್ಮ

•

ಔರಾದ್
೧೭-೮-೧೯೯೯

ಅಮ್ಮಾ,

ನಿಮ್ಮ ಕಾಗದ ಈಗಷ್ಟೇ ಬಂತು. ಕಾದಂಬರಿಯ ಪ್ರಶ್ನೆಗೆ ನಿಧಾನವಾಗಿ ಉತ್ತರಿಸುತ್ತೇನೆ. ನನಗೆ ಬೈಂಡ್ ಮಾಡಿಸಿದ ಆ ಪುಸ್ತಕ ಬೇಕಾಗಿದೆ, ತುಂಬ ತುರ್ತು. ಕೊಡಲಾರೆ ಎಂದಿದ್ದಿರಿ, ದಯವಿಟ್ಟು ಈ ಸಲ ಇಲ್ಲ ಎನ್ನಬೇಡಿ. ತಂಗಿ ಸಂಘಮಿತ್ರ ಬಂದು ಇಸಿದುಕೊಳ್ಳುತ್ತಾಳೆ. ಎಸ್‌ಟಿಡಿ ಬೂತಿನಿಂದ ಅವಳಿಗೆ ಫೋನ್ ಮಾಡಿದ್ದೇನೆ, ಬಹುಶಃ ಈ ಕಾಗದಕ್ಕಿಂತ ಮೊದಲೇ ಬಂದಿರುತ್ತಾಳೆ.

ಅವಳು ಬರುವವರೆಗೆ ಏನೂ ಯೋಚನೆ ಮಾಡಬೇಡಿ.

ನಾಗೇಂದ್ರ

•

ಲಕ್ಷ್ಮೀಪುರಂ
೨-೯-೧೯೯೯

ನಾಗೇಂದ್ರ ಅವರಿಗೆ,

ನಿಮ್ಮ ತಂಗಿ ಬಂದಿದ್ದಳು, ನಿಮ್ಮ ಕಾಗದಕ್ಕಿಂತ ಮೊದಲೇ. ‘ನಾಗೇಂದ್ರಣ್ಣ ಪುಸ್ತಕ ಇಸ್ಕೊಂಡ್ ಬಾ ಅಂದ ಕಣಮ್ಮ’ ಎಂದಳು. ಪುಸ್ತಕ ಎದುರಿಗೇ ಮೇಜಿನ ಮೇಲಿತ್ತು. ಅವಳು ಅದರತ್ತ ನೋಡದೆ ನೇರ ಗೋಡೆಯ ಗೂಡಿನ ಹತ್ತಿರ ಹೋಗಿ ಔಷಧಿ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ನನ್ನನ್ನು ನಿಮ್ಮಷ್ಟು ಓದಿದವಳಲ್ಲ ಎಂದುಕೊಂಡಿರಾ? ಪತ್ತೇದಾರಿ ಕಾದಂಬರಿಯಲ್ಲಿ ಪುಸ್ತಕ ಕೇಳಿಕೊಂಡು ಬಂದವಳು ಔಷಧಿ ನೋಡಿದರೆ ಅದಕ್ಕೆ ಏನರ್ಥ ಎಂದು ನನಗೂ ಗೊತ್ತು. ‘ಯಾಕಮ್ಮ ಬಂದೆ, ನಿಜ ಹೇಳು’ ಎಂದೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿಬಿಟ್ಟಳು.

ನನಗೆ ಬಹಳ ನೋವಾಯಿತು. ಮನೆಯಲ್ಲಿ ಒಬ್ಬರು ನನ್ನನ್ನು ಕೊಲೆಗಾತಿ ಎಂದುಕೊಂಡಿರುವುದು ಸಾಲದೆಂದು ಬೀದರಿನಿಂದ ನೀವೂ ಸೇರಿಕೊಂಡಿರಿ. ಬೇರೆಯವರಾಗಿದ್ದರೆ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದರು. ನಾನೂ ಹಾಕುತ್ತಿದ್ದೆ. ಅಷ್ಟರಲ್ಲಿ ಯಜಮಾನರು ಗಂಟೆ ಬಾರಿಸಿದರು, ಗಂಜಿಯ ಹೊತ್ತು.

ತೆಗೆದುಕೊಂಡು ಹೋದೆ. ಎಂದಿನಂತೆ ‘ನೀ ಮೊದ್ಲು ಕುಡಿ’ ಎಂದರು. ನಿಮ್ಮ ತಂಗಿ ಬಾಗಿಲಲ್ಲಿ ನಿಂತು ನೋಡಿದಳು.

‘ಯಾಕ್ ಸಾರ್, ಅಮ್ಮನ ಮೇಲೆ ಅನುಮಾನಾನಾ?’

‘ಹೂಂ. ನೀ ಯಾರು?’

‘ನರ್ಸು.’

‘ಯಾವ ಪೈಕಿ?’

ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಅವಳು ಸ್ವಲ್ಪವೂ ಅಳುಕದೆ, ‘ನಮ್ಮಪ್ಪ ಚಿಕ್ಕಬಸವಯ್ಯ, ಕೊಳ್ಳೇಗಾಲದ ಕಡೆಯವ್ರು. ನಾವು ಬೌದ್ಧರು ಸಾರ್. ಅದಕ್ಕೂ ಮುಂಚೆ ಏನಾಗಿದ್ವಿ ಅಂತ ಕೋರ್ಟಲ್ಲಿದ್ದ ನಿಮ್ಗೆ ನಾನು ಹೇಳಬೇಕಾ’ ಎಂದಳು.

ಯಜಮಾನರು ಕಣ್ಣು ಮುಚ್ಚಿಕೊಂಡರು. ಜಡ್ಜಿಗೆ ಕಾಗದ ಒಪ್ಪಿಸುವ ಮೊದಲು ಹಾಗೆ ಮಾಡುತ್ತಿದ್ದರು. ಒಂದು ಕಡೆ ವಿಷ ಹಾಕುವ ಹೆಂಡತಿ, ಇನ್ನೊಂದು ಕಡೆ ಹುಟ್ಟಿದಾಗಿನಿಂದ ಬೇಡವೆಂದು ಕಲಿತ ಕೈ. ಯಾವುದು ಹೆಚ್ಚು ಅಪಾಯ ಎಂದು ತೂಗುತ್ತಿದ್ದರು. ಕೊನೆಗೆ ಕಣ್ಣು ಬಿಟ್ಟು, ‘ಇವ್ಳು ಮಾಡಿದ್ದು ಬ್ಯಾಡ. ನೀನೇ ಕಾಯಿಸ್ಕೊಂಡು ಬಾ’ ಎಂದರು.

ನಿಮ್ಮ ತಂಗಿಗೆ ಸಿಟ್ಟು ಬಂತು. ‘ನಾನು ನರ್ಸು ಸಾರ್, ಅಡುಗೆಯವಳಲ್ಲ. ಇವತ್ತೊಂದಿನ ಅಮ್ಮನ ಮುಖ ನೋಡಿ ಮಾಡ್ತೀನಿ’ ಎಂದಳು. ಅಡುಗೆ ಕೋಣೆಯ ಹೊಸ್ತಿಲ ಬಳಿ ನಿಂತು ನನ್ನ ಕಡೆ ತಿರುಗಿದಳು. ನಾನು, ‘ಅಕ್ಕಿ ನುಚ್ಚು ಎಡಗಡೆ ಡಬ್ಬಿಯಲ್ಲಿದೆ’ ಎಂದೆ. ಅವಳು ಒಳಗೆ ಹೋದಳು. ಅವಳು ತಂದದ್ದನ್ನು ಯಜಮಾನರು ಲೋಟ ತುಂಬ, ಒಂದೇ ಸಲಕ್ಕೆ, ಬಿಸಿಬಿಸಿಯಾಗಿಯೇ ಕುಡಿದರು.

ಅವಳು ಹಾಸಿಗೆ ಬಟ್ಟೆ ಬದಲಿಸುವಾಗ ನಾನು ಹಜಾರದ ಬೆಂಚಿನ ಮೇಲೆ ಕೂತೆ. ಕೂತದ್ದು ನೆನಪಿದೆ, ಮಲಗಿದ್ದು ನೆನಪಿಲ್ಲ. ಎದ್ದಾಗ ಸಂಜೆಯಾಗಿತ್ತು, ಮೈಮೇಲೆ ಕಂಬಳಿಯಿತ್ತು. ಅವಳು ಇನ್ನೂ ಇದ್ದಳು. ಪುಸ್ತಕವನ್ನು ಯಜಮಾನರಿಗೆ ಓದಿ ಹೇಳುತ್ತಿದ್ದಳು, ನನಗಿಂತ ಬೇಗ ಬೇಗ. ಹೊರಡುವಾಗ ನನಗೊಂದು ಮಾತು ಹೇಳಿದಳು: ‘ನಮ್ಮಣ್ಣ ಓದೋನು ಕಣಮ್ಮ. ಹಾಸಿಗೆ ಹಿಡಿದಿದ್ದ ನಮ್ಮವ್ವನ್ನ ಎತ್ತಿ ಕೂರಿಸ್ತಿದ್ದೋಳು ನಾನು. ಅದಕ್ಕೇ ಅವನಿಗೆ ಆ ಕಥೆ ಸರಿಹೋಗಿಲ್ಲ, ನಿಮಗೆ ಸರಿಹೋಗಿದೆ.’

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಪುಸ್ತಕ ಕಳಿಸಿಲ್ಲ. ಸದ್ಯಕ್ಕೆ ನೀವು ನನಗೆ ಬರೆಯಬೇಡಿ.

ಪಾರ್ವತಮ್ಮ

•

ಔರಾದ್
೧೪-೧೨-೧೯೯೯

ಅಮ್ಮಾ,

ಬರೆಯಬೇಡಿ ಎಂದಿದ್ದಿರಿ. ಇಷ್ಟು ದಿನ ತಡೆದೆ.

ನಾನು ತಪ್ಪು ಓದಿದೆ. ಕಾದಂಬರಿ ಓದುವ ಕಣ್ಣಿನಿಂದ ನಿಮ್ಮ ಕಾಗದ ಓದಿದೆ. ಕಷಾಯದ ಮಾತು ಬಂದ ಕೂಡಲೇ ಅದನ್ನು ಸುಳಿವು ಎಂದು ಹಿಡಿದುಕೊಂಡೆ. ಮೂರು ವರ್ಷದ ಲಕ್ವದ ಮಾತಿಗೆ ಒಂದು ಸಾಂತ್ವನವನ್ನೂ ಬರೆಯಲಿಲ್ಲ. ಒಬ್ಬ ಗೃಹಿಣಿ ಒಂದು ಕಥೆಯ ಬಗ್ಗೆ ತನ್ನ ಅಭಿಪ್ರಾಯ ಹೇಳಿದರೆ ಅವಳ ಮನೆಗೆ ಪತ್ತೇದಾರರನ್ನು ಕಳಿಸಿದ ಮೂರ್ಖ ನಾನೊಬ್ಬನೇ ಇರಬೇಕು. ಸಂಘಮಿತ್ರ ಫೋನಿನಲ್ಲಿ ನನ್ನನ್ನು ಚೆನ್ನಾಗಿ ಬಯ್ದಳು.

ನೀವು ಅಂಥವರಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಕ್ಷಮಿಸಿ.

ನಾಗೇಂದ್ರ

•

ಲಕ್ಷ್ಮೀಪುರಂ
ಸಂಕ್ರಾಂತಿ, ೨೦೦೦

ಪ್ರಿಯ ನಾಗೇಂದ್ರ,

ಎಳ್ಳು ಬೆಲ್ಲ ಪೊಟ್ಟಣ ಕಟ್ಟಿ ಸಂಘಮಿತ್ರಳ ಕೈಲಿ ಕೊಟ್ಟಿದ್ದೇನೆ. ನಿನಗೆ ಕಳಿಸುತ್ತಾಳೋ ತಾನೇ ತಿನ್ನುತ್ತಾಳೋ ನೋಡು. ನೀನು ಎನ್ನುತ್ತಿದ್ದೇನೆ, ಬೇಜಾರಿಲ್ಲವಷ್ಟೇ. ನನ್ನ ತಮ್ಮನಷ್ಟು ವಯಸ್ಸು ನಿನಗೆ.

ಈಗ ಬೆಳಿಗ್ಗೆ ಪುಟ್ಟಲಿಂಗಮ್ಮ ಎಂಬವರು ಬರುತ್ತಾರೆ. ಸಂಘಮಿತ್ರಳ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವರು, ಅವಳ ದೂರದ ನೆಂಟರು. ಅವಳೇ ಗೊತ್ತು ಮಾಡಿ, ಸಂಬಳವನ್ನೂ ಅವಳೇ ಮಾತಾಡಿದಳು. ಯಜಮಾನರು ಅವರನ್ನು ಯಾವ ಪೈಕಿ ಎಂದು ಕೇಳಲಿಲ್ಲ. ‘ಇವ್ಳನ್ನ ಒಲೆ ಹತ್ರ ಬಿಡಬ್ಯಾಡಿ’ ಎಂದಷ್ಟೇ ಹೇಳಿದರು. ಇವ್ಳು ಅಂದರೆ ನಾನು. ನಮ್ಮ ಮಾವನವರ ಕಾಲದಿಂದ ಮುಚ್ಚಿದ್ದ ಅಡುಗೆ ಕೋಣೆ ನಾನು ಕೊಲೆಗಾತಿಯಾದ ಮೇಲೆ ತೆರೆಯಿತು. ಬೇರೆ ಯಾವ ಬುದ್ಧಿಮಾತಿಗೂ ತೆರೆದಿರಲಿಲ್ಲ. ಇದು ಒಳ್ಳೆಯ ಮನಸ್ಸಿನಿಂದ ಆದದ್ದಲ್ಲ ಎಂದು ಪುಟ್ಟಲಿಂಗಮ್ಮನಿಗೂ ಗೊತ್ತು. ‘ಮನ್ಸು ಆಮೇಲ್ ಬರ್ಲಿ ಬುಡಿ, ಮೊದ್ಲು ಹೊಟ್ಟೆಗ್ ಹೋಗ್ಲಿ’ ಎನ್ನುತ್ತಾರೆ.

ತಪ್ಪು ಓದಿದೆ ಎಂದು ಬರೆದಿದ್ದೀಯ. ಅದಕ್ಕೇ ಈ ಕಾಗದ. ನೀನು ತಪ್ಪು ಓದಲಿಲ್ಲ. ಆಗಸ್ಟಿನ ಆ ಕಾಗದದಲ್ಲಿ ಕಷಾಯದ ಸಾಲು ಬರೆಯುವಾಗ ಯಜಮಾನರ ನಿದ್ದೆಯ ಔಷಧಿಯ ಬಾಟಲಿ ನನ್ನೆದುರು ಮೇಜಿನ ಮೇಲಿತ್ತು. ಗೂಡಿನಿಂದ ಯಾಕೆ ತಂದಿಟ್ಟುಕೊಂಡೆನೋ ತಿಳಿಯದು. ಅವರಿಗೋ ನನಗೋ ಎಂಬುದೂ ತಿಳಿಯದು. ಕಾಗದ ಮುಗಿಸಿ, ಅಂಚೆಗೆ ಹಾಕಿ ಬಂದು, ಬಾಟಲಿಯನ್ನು ವಾಪಸ್ ಇಟ್ಟೆ. ಮರುದಿನ ಮತ್ತೆ ತೆಗೆದೆ. ನಿನ್ನ ತಂಗಿ ಬಂದ ದಿನ ಅದು ಗೂಡಿನಲ್ಲೇ ಇತ್ತು, ಆದರೆ ಮುಂದಿನ ಸಾಲಿನಲ್ಲಿ. ಅವಳು ಅದನ್ನೂ ಗಮನಿಸಿದಳು. ಆ ದಿನ ನನಗೆ ಅಷ್ಟು ನೋವಾದದ್ದು ನೀನು ಸುಳ್ಳು ಅನುಮಾನ ಪಟ್ಟೆ ಎಂದಲ್ಲ. ಅಷ್ಟು ದೂರದಲ್ಲಿದ್ದೂ ಸರಿಯಾಗಿ ಹಿಡಿದೆ ಎಂದು.

ನಾನು ಅಂಥವಳಲ್ಲ ಎಂದು ನಿನಗೆ ಗೊತ್ತಿರಬೇಕಿತ್ತು ಎಂದಿದ್ದೀಯ. ಅಂಥವರು ಎಂದು ಬೇರೆ ಯಾರೂ ಇರುವುದಿಲ್ಲಪ್ಪ.

ಮೊನ್ನೆ ಬಿಡುವಾಗಿತ್ತು. ಬಿಡುವು ಎಂಬ ಮಾತು ಬರೆದು ಎಷ್ಟು ಕಾಲವಾಯಿತೋ. ‘ಅಮಲ್ದಾರರ ಬಂಗಲೆ’ಯನ್ನು ಮೊದಲಿನಿಂದ ಓದಿದೆ, ಈ ಸಲ ಗಟ್ಟಿಯಾಗಿ ಅಲ್ಲ, ನನ್ನಷ್ಟಕ್ಕೆ. ನಿನ್ನ ಇಪ್ಪತ್ತಮೂರನೇ ಕಂತನ್ನು ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಒಂದು ವಿಷಯ ಹೊಳೆಯಿತು. ಆ ಬಂಗಲೆಗೆ ಎಷ್ಟು ಜನ ಬರುತ್ತಾರೆ ನೋಡು. ತಮ್ಮ ಬರುತ್ತಾನೆ, ಡಾಕ್ಟರು, ಗುಮಾಸ್ತ, ವಕೀಲರು, ಊರವರು, ಇನ್‌ಸ್ಪೆಕ್ಟರು. ಹಜಾರದಲ್ಲಿ ಕುರ್ಚಿ ಸಾಲದೆ ಚಾಪೆ ಹಾಸುತ್ತಾರೆ. ಎಲ್ಲರೂ ಬಂದದ್ದು ಅಮಲ್ದಾರರು ಸತ್ತ ಮೇಲೆ. ಅದಕ್ಕೆ ಮೊದಲಿನ ಎರಡು ವರ್ಷ ಆ ಮನೆಗೆ ಯಾರೂ ಬಂದ ಹಾಗೆ ಮಹದೇವಯ್ಯನವರೂ ಬರೆದಿಲ್ಲ, ರುದ್ರಸ್ವಾಮಿಯವರೂ ಬರೆದಿಲ್ಲ. ನೀನು ಇನ್‌ಸ್ಪೆಕ್ಟರನ್ನು ಮೊದಲೇ ಕಳಿಸಿದೆ.

ರುದ್ರಸ್ವಾಮಿಯವರ ಕಂತುಗಳನ್ನು ಖಾಲಿ ಹಾಳೆಗಳಿಗೆ ಅಂಟಿಸಿಲ್ಲ. ಬಿಡಿಯಾಗಿಯೇ ಇವೆ. ಸರಿಯಾಗಿ ಬರೆದಿದ್ದಾರೆ ಎಂಬ ಮಾತು ನಾನು ಬದಲಿಸುವುದಿಲ್ಲ, ಆದರೆ ಅದೊಂದೇ ಕೊನೆಯಲ್ಲ.

ಯಜಮಾನರ ಅನುಮಾನ ಇನ್ನೂ ಹೋಗಿಲ್ಲ. ನಾನು ಕೋಣೆಯೊಳಗೆ ಹೋದರೆ ಲೋಟಕ್ಕೆ ಕೈ ಅಡ್ಡ ಹಿಡಿಯುತ್ತಾರೆ. ಅದನ್ನು ಹೋಗಲಾಡಿಸಲು ನಾನೂ ಪ್ರಯತ್ನ ಪಟ್ಟಿಲ್ಲ.

ಗಂಟೆ ಬಾರಿಸುತ್ತಿದ್ದಾರೆ. ಪುಟ್ಟಲಿಂಗಮ್ಮ ಎದ್ದು ಹೋದರು. ನಾನು ಕೂತು ಬರೆಯುತ್ತಿದ್ದೇನೆ.

ಪಾರ್ವತಮ್ಮ